ಲೈಸೆನ್ಸಿಲ್ಲದ ಡ್ರೈವಿಂಗ್ ಮೇಷ್ಟ್ರು

22 ಜನವರಿ 2025, ಬುಧವಾರ

ಇಪ್ಪತ್ತಾರು ವರ್ಷದಿಂದ ಕೊಪ್ಪ, ಶೃಂಗೇರಿ, ಎನ್.ಆರ್. ಪುರ ಮೂರು ತಾಲೂಕಿಗೂ ಕಾರು ಕಲಿಸಿದ ವೃಷಭೇಂದ್ರಪ್ಪನಿಗೆ, ಅಂದರೆ ನನಗೆ, ಡ್ರೈವಿಂಗ್ ಲೈಸೆನ್ಸ್ ಇಲ್ಲವಂತೆ!

ಈ ಮಾತನ್ನು ಸಂಜೆಯಿಂದ ಹೆಂಡತಿ ಸರೋಜಳಿಗೆ ಹೇಳುತ್ತಲೇ ಇದ್ದೆ. ಅವಳು ಕೊನೆಗೆ ಫ್ರಿಜ್ಜಿನ ಮೇಲೆ ಬಿದ್ದಿದ್ದ ಸಹಕಾರ ಸಂಘದ ಡೈರಿಯನ್ನು ತಂದು ಮುಂದಿಟ್ಟು, "ಮುಂದಿನದ್ದನ್ನ ಇದ್ಕೆ ಹೇಳಿ. ನಂಗೆ ಸಾರಿಗೆ ಒಗ್ಗರಣೆ ಹಾಕ್ಲಿಕ್ಕಿದೆ" ಎಂದಳು. ಸರಿ, ಇದಕ್ಕೇ ಹೇಳುತ್ತೇನೆ.

ಸ್ಕೂಲಿನ ಪರವಾನಗಿ ನವೀಕರಿಸಲು ಬೆಳಿಗ್ಗೆ ಸ್ಕೂಲಿನ ಕಾರಿನಲ್ಲೇ ಚಿಕ್ಕಮಗಳೂರಿನ ಆರ್.ಟಿ.ಒ. ಕಚೇರಿಗೆ ಹೋಗಿದ್ದೆ. ಕೌಂಟರಿನ ಗುಮಾಸ್ತರು ನನ್ನ ಲೈಸೆನ್ಸ್ ನಂಬರು ಒತ್ತಿದರು, ಕಂಪ್ಯೂಟರ್ ನೋಡಿದರು, ನನ್ನ ಮುಖ ನೋಡಿದರು.

"ಸಾರ್, ನಿಮ್ಮ ಲೈಸೆನ್ಸ್ ಅನರ್ಹ ಅಂತ ತೋರಿಸ್ತಾ ಇದೆ. ಕಣ್ಣೂರು ಕಡೆ ಕೋರ್ಟಿನ ಆದೇಶ. ಜನವರಿ ಆರರಿಂದ ಮೂರು ತಿಂಗಳು ಗಾಡಿ ಮುಟ್ಟೋ ಹಾಗಿಲ್ಲ. ಆಮೇಲೂ ಹೊಸದಾಗಿ ಟೆಸ್ಟ್ ಕೊಟ್ಟು ಪಾಸಾಗ್ಬೇಕು."

"ಅದು ಕೇರಳ ಮಾರಾಯ್ರೆ! ಅಲ್ಲಿ ದಂಡ ಕಟ್ಟಿ ಬಂದಾಗಿದೆ. ಇದು ಕರ್ನಾಟಕ."

"ಕೋರ್ಟು ಕೇರಳದ್ದು. ಲೈಸೆನ್ಸು ಇಡೀ ದೇಶದ್ದಲ್ವಾ ಸಾರ್? ಅಲ್ಲಿ ಓಡಿಸ್ಬೋದು ಅಂದ್ಮೇಲೆ, ಅಲ್ಲಿ ಕಳ್ಕೊಳ್ಳೋದೂ ಆಗ್ತದೆ."

ನವೆಂಬರಿನಲ್ಲಿ ಸರೋಜಳ ತಂಗಿಯ ಮನೆಯವರ ಕಡೆಯ ಮದುವೆಗೆ ಕಣ್ಣೂರಿಗೆ ಹೋಗಿದ್ದೆವು. ಹೆದ್ದಾರಿಯಲ್ಲಿ ಬಸ್ಸೊಂದನ್ನು ಹಿಂದೆ ಹಾಕುತ್ತಿದ್ದಾಗ ಒಬ್ಬ ಶಿಷ್ಯ ಫೋನ್ ಮಾಡಿದ. ತಾನು ಕಾರು ಓಡಿಸುತ್ತಾ ಇದ್ದೇನೆ, ಎದುರಿನಿಂದ ಲಾರಿ ಬರುತ್ತಿದೆ, ಏನು ಮಾಡಲಿ ಅಂತ. "ಗಾಡಿ ಓಡಿಸ್ವಾಗ ಫೋನ್ ಹಿಡೀಬೇಡ ಅಂತ ಎಷ್ಟು ಸಲ ಹೇಳ್ಬೇಕೋ!" ಎಂದು ನಾನು ಫೋನು ಹಿಡಿದುಕೊಂಡು ಗದರುತ್ತಿದ್ದೆ. ಅಲ್ಲಿನ ಪೊಲೀಸರು ಅಷ್ಟನ್ನು ಮಾತ್ರ ನೋಡಿದರು. ಎದುರಿನಿಂದ ಬಂದ ಸ್ಕೂಟರಿನವನೊಬ್ಬ ಸ್ವಲ್ಪ ಮಣ್ಣಿಗಿಳಿದ, ಅಷ್ಟೆ.

ಈ ತಿಂಗಳ ಆರನೇ ತಾರೀಕು ಅಲ್ಲಿಯ ಕೋರ್ಟಿಗೆ ಹೋಗಿ ತಪ್ಪಾಯಿತೆಂದೆ. ನ್ಯಾಯಾಧೀಶರು ಮಲಯಾಳದಲ್ಲಿ ಏನೋ ಹೇಳಿದರು. ನನಗೆ ತಿಳಿದದ್ದು "ಮೂನ್ನು ಮಾಸಂ" ಎಂಬುದೊಂದೇ. ದಂಡ ಕಟ್ಟಲು ಮೂರು ತಿಂಗಳು ವಾಯಿದೆ ಕೊಟ್ಟಿದ್ದಾರೆ ಎಂದುಕೊಂಡು, ಕರ್ನಾಟಕದವರ ಮರ್ಯಾದೆ ತೋರಿಸೋಣ ಅಂತ ಅಲ್ಲೇ ಕಟ್ಟಿ ಬಂದೆ.

ಕಾರು ಆರ್.ಟಿ.ಒ. ಕಚೇರಿಯ ಅಂಗಳದಲ್ಲೇ ಉಳಿಯಿತು. 'ಶ್ರೀ ವೀರಭದ್ರೇಶ್ವರ ಡ್ರೈವಿಂಗ್ ಸ್ಕೂಲ್, ಶಿಸ್ತೇ ಸುರಕ್ಷತೆ' ಎಂಬ ಬೋರ್ಡಿನ ಸಮೇತ. ನಾನು ಕೊಪ್ಪದ ಬಸ್ಸಿನಲ್ಲಿ ಬಾಳೆಹೊನ್ನೂರಿನವರೆಗೆ ನಿಂತುಕೊಂಡು ಬಂದೆ.

24 ಜನವರಿ, ಶುಕ್ರವಾರ

ಕಾರು ತರಿಸಲು ಯಾರನ್ನು ಕಳಿಸುವುದು? ಯಾರಿಗೆ ಹೇಳಿದರೂ ಬಸ್ ಸ್ಟ್ಯಾಂಡಿಗೆಲ್ಲ ಗೊತ್ತಾಗುತ್ತದೆ. ಗ್ಯಾರೇಜಿನ ಗಫೂರ್ ಒಬ್ಬನೇ ಬಾಯಿ ಬಿಡದವನು. ಅವನಿಗೆ ಫೋನ್ ಮಾಡಿದರೆ ಮಗಳನ್ನು ಕಳಿಸಿದ. ಮೆಹರ್ ಬಾನು ಅಂತ. ಐ.ಟಿ.ಐ.ಯಲ್ಲಿ ಮೋಟಾರ್ ಮೆಕ್ಯಾನಿಕ್ ಓದಿದವಳು, ಈಗ ಇಲ್ಲಿಯ ಖಾಸಗಿ ಶಾಲೆಯೊಂದರ ವ್ಯಾನು ಓಡಿಸುತ್ತಾಳೆ. ಹದಿಮೂರು ವರ್ಷದ ಹಿಂದೆ ಕಾರು ಕಲಿತದ್ದು ನನ್ನ ಹತ್ತಿರವೇ.

ಹೋಗುವಾಗ ಬಸ್ಸು. ಬರುವಾಗ ಅವಳು ಸ್ಟೀರಿಂಗ್ ಹಿಡಿದಳು, ನಾನು ಎಡಗಡೆ ಕೂತೆ. ಅಲ್ಲಿ ನನ್ನ ಕಾಲಿಗೂ ಒಂದು ಬ್ರೇಕು ಇದೆ, ಕಲಿಸುವವರಿಗೆ ಇರುವಂಥದ್ದು. ಪ್ರತಿ ತಿರುವಿನಲ್ಲೂ ಒತ್ತಿದೆ. "ಗೇರ್! ಗೇರ್ ಇಳಿಸು! ಹಾರ್ನ್ ಎಲ್ಲಿ? ಕಣ್ಣು ಎಲ್ಲಿಟ್ಟಿದೀಯಾ?" ಎಂದೆ. ಅವಳು ಆಲ್ದೂರಿನಲ್ಲಿ ಟೀ ಅಂಗಡಿಯ ಮುಂದೆ ನಿಲ್ಲಿಸಿದಳು.

"ಸಾರ್, ಒಂದು ಮಾತು ಹೇಳ್ತೆ, ಬೇಜಾರು ಮಾಡ್ಕೋಬೇಡಿ. ಬ್ರೇಕ್ ಬೇಕಾದ್ರೆ ಒತ್ಕೊಳ್ಳಿ. ಬಾಯಿ ಮಾತ್ರ ಬೇಡ. ಅವತ್ತು ನೀವು ಬೈದಿದ್ದಕ್ಕೆ ನಾನು ಒಂದು ವಾರ ಕಾರಿನ ಹತ್ರ ಬಂದಿರ್ಲಿಲ್ಲ. ಅಪ್ಪ ಕೈ ಹಿಡ್ಕೊಂಡು ಕರ್ಕೊಂಡು ಬಂದ್ರು."

ನನಗೆ ನೆನಪಿಲ್ಲ. ಬೈದಿರಲಾರೆ. ಬೈದಿದ್ದರೂ ಅದರಿಂದಲೇ ಅಲ್ಲವೇ ಇಷ್ಟು ಚೆನ್ನಾಗಿ ಓಡಿಸುವುದನ್ನು ಕಲಿತದ್ದು?

ಆಲ್ದೂರಿನಿಂದ ಕೊಪ್ಪದವರೆಗೆ ಬಾಯಿ ಮುಚ್ಚಿಕೊಂಡು ಕೂತೆ. ದವಡೆ ನೋಯುತ್ತಿದೆ.

30 ಜನವರಿ, ಗುರುವಾರ

ಸ್ಕೂಲು ಮುಚ್ಚುವ ಹಾಗಿಲ್ಲ. ಏಪ್ರಿಲ್, ಮೇ ರಜೆಯಲ್ಲಿ ಬರುವ ಬ್ಯಾಚೇ ನಮ್ಮ ವರ್ಷದ ಅನ್ನ. ಲೈಸೆನ್ಸ್ ಇಲ್ಲದವನು ಕಲಿಸುವುದು ತಪ್ಪು. ಕಲಿಸುವವರು ಬೇರೆ ಬೇಕು. ಅವರಿಗೆ ಐದು ವರ್ಷದ ಅನುಭವ ಬೇಕು, ಮೆಕ್ಯಾನಿಕ್ ಓದಿದ ಸರ್ಟಿಫಿಕೇಟೂ ಬೇಕು. ಕೊಪ್ಪದಲ್ಲಿ ಅವೆಲ್ಲ ಇರುವವರು ಯಾರು ಎಂದು ಎರಡು ದಿನ ಯೋಚಿಸಿದೆ. ಸರೋಜ ಮೊದಲ ನಿಮಿಷದಲ್ಲೇ ಹೇಳಿದ್ದಳು.

ಮೆಹರ್ ಬಾನು ಒಪ್ಪಿದಳು. ಶಾಲೆಯ ವ್ಯಾನು ಬೆಳಿಗ್ಗೆ, ಸಂಜೆ. ನಡುವಿನ ಹೊತ್ತು ನಮಗೆ. ಒಂದೇ ಷರತ್ತು: ಅವಳು ಕಲಿಸುವಾಗ ನಾನು ಕಾರಿನಲ್ಲಿರಬಾರದು. ಬಹಳ ಚೌಕಾಸಿ ಮಾಡಿ ಹಿಂದಿನ ಸೀಟಿಗೆ ಒಪ್ಪಿಸಿದೆ. ಮಾತಾಡದೆ ಕೂತರೆ ಮಾತ್ರ.

ಶಿಷ್ಯರು ಕೇಳಿದರೆ ಏನು ಹೇಳುವುದು? ಬೆನ್ನುನೋವು ಎಂದು ಹೇಳುತ್ತೇನೆ. ಡಾಕ್ಟರು ಗಾಡಿ ಬೇಡ ಅಂದಿದ್ದಾರೆ ಅಂತ.

"ಹಾಗಾದ್ರೆ ನೀವು ಬಗ್ಗಿ ನಡೀಬೇಕಾಗ್ತದೆ" ಎಂದಳು ಸರೋಜ.

12 ಫೆಬ್ರವರಿ, ಬುಧವಾರ

ಬೆನ್ನುನೋವಿಗೆ ಈ ತಾಲೂಕಿನಲ್ಲಿ ಇಷ್ಟೊಂದು ಔಷಧ ಇದೆ ಎಂದು ಗೊತ್ತಿರಲಿಲ್ಲ. ಹೋಟೆಲಿನ ಭಟ್ಟರು ಒಂದು ಎಣ್ಣೆ ಕೊಟ್ಟರು. ಬ್ಯಾಂಕಿನವರೊಬ್ಬರು ಬೆಲ್ಟು ಕೊಟ್ಟರು. ಜಯಪುರದಿಂದ ಹಳೇ ಶಿಷ್ಯನೊಬ್ಬ ನರ ಎಳೆಯುವವರನ್ನು ಬೈಕಿನಲ್ಲಿ ಕೂರಿಸಿಕೊಂಡು ಮನೆಗೇ ಬಂದ. ಬೇಡವೆಂದರೂ ಕೇಳಲಿಲ್ಲ. ಮಂಚದ ಮೇಲೆ ಮಲಗಿಸಿ ಅವರು ನನ್ನ ಸೊಂಟವನ್ನು ತಿರುಪಿದ ರೀತಿಗೆ ಈಗ ನಿಜವಾಗಿಯೂ ಬೆನ್ನು ನೋಯುತ್ತಿದೆ.

ಸರೋಜ ಅಡುಗೆಮನೆಯಲ್ಲಿ ಸೆರಗು ಬಾಯಿಗೆ ತುಂಬಿಕೊಂಡು ನಗುತ್ತಿದ್ದಳು.

26 ಫೆಬ್ರವರಿ, ಬುಧವಾರ

ಶಿವರಾತ್ರಿ. ರಜೆ. ದೇವಸ್ಥಾನಕ್ಕೆ ನಡೆದುಕೊಂಡೇ ಹೋಗಿ ಬಂದೆವು. ದಾರಿಯಲ್ಲಿ ಆರು ಜನ ಬೆನ್ನು ಹೇಗಿದೆ ಎಂದು ಕೇಳಿದರು.

ನಿನ್ನೆ ಮೆಹರ್ ಬಾನುವಿನ ಹೆಸರಿಗೆ ಆರ್.ಟಿ.ಒ. ಕಚೇರಿಯ ಒಪ್ಪಿಗೆ ಬಂತು. ಸ್ಕೂಲಿನ ಪರವಾನಗಿಯೂ ಅದರಿಂದಲೇ ಆಯಿತು. ಬೋರ್ಡಿನಲ್ಲಿ ನನ್ನ ಹೆಸರಿನ ಕೆಳಗೆ ಅವಳ ಹೆಸರು ಬರೆಸಬೇಕಂತೆ. ಪೇಂಟರು ಬಂದು ಅಳತೆ ತೆಗೆದುಕೊಂಡು ಹೋದ. ಅಕ್ಷರ ಸ್ವಲ್ಪ ಚಿಕ್ಕದಾಗಿರಲಿ ಎಂದಿದ್ದೇನೆ.

6 ಮಾರ್ಚ್, ಗುರುವಾರ

ಹಿಂದಿನ ಸೀಟಿನಿಂದ ಕಾರು ಬೇರೆಯೇ ಥರ ಕಾಣಿಸುತ್ತದೆ. ಮುಂದೆ ಕೂತವರ ಕುತ್ತಿಗೆ ಕಾಣುತ್ತದೆ. ಕಲಿಯುವವರಿಗೆ ಹೆದರಿಕೆ ಆದಾಗ ಮೊದಲು ಕುತ್ತಿಗೆ ಗಟ್ಟಿಯಾಗುತ್ತದೆ, ಆಮೇಲೆ ಕ್ಲಚ್ ಹಾರುತ್ತದೆ. ಇಷ್ಟು ವರ್ಷ ಪಕ್ಕದಲ್ಲಿ ಕೂತು ನಾನು ಕಾಲು ಮಾತ್ರ ನೋಡುತ್ತಿದ್ದೆ.

ಇವತ್ತು ಕಮ್ಮರಡಿಯ ಗುಡ್ಡಮ್ಮನ ಪಾಠ. ವಯಸ್ಸು ಐವತ್ತಮೂರು. ಮೆಣಸಿನ ಬಳ್ಳಿ, ಅಡಿಕೆ ಸಸಿ ಬೆಳೆಸಿ ಮಾರುವ ನರ್ಸರಿ ಇಟ್ಟುಕೊಂಡವಳು. ಸಸಿ ಸಾಗಿಸಲು ಸಣ್ಣ ಪಿಕಪ್ ಒಂದನ್ನು ಕೊಂಡಿದ್ದಾಳೆ, ಆದರೆ ಸಂತೆಯ ದಿನವೇ ಡ್ರೈವರುಗಳು ಕೈ ಕೊಡುತ್ತಾರಂತೆ. ಕಳೆದ ವರ್ಷ ನನ್ನ ಹತ್ತಿರ ಕಲಿತು ಟೆಸ್ಟಿನಲ್ಲಿ ಫೇಲಾದಳು. ಈ ಜನ್ಮಕ್ಕೆ ಇವಳಿಗೆ ರಿವರ್ಸ್ ಬರುವುದಿಲ್ಲ ಎಂದು ಆಗಲೇ ಹೇಳಿದ್ದೆ. ಅವಳ ಮುಂದೆಯೇ ಹೇಳಿದ್ದೆ.

ಇವತ್ತು ರಿವರ್ಸಿನಲ್ಲಿ ಕಾರು ಮೂರು ಸಲ ಚರಂಡಿಯ ಕಡೆಗೇ ಹೋಯಿತು. ಮೆಹರ್ ಬಾನು, "ಗುಡ್ಡಕ್ಕ, ಸಸಿ ಕೈಗಾಡೀನ ಹಿಂದಕ್ಕೆ ಎಳೀವಾಗ ಎತ್ಲಾಗೆ ತಿರುಗಿಸ್ತೀರಿ?" ಎಂದು ಕೇಳಿದಳು. ಗುಡ್ಡಮ್ಮ ಕಣ್ಣು ಮುಚ್ಚಿ ಗಾಳಿಯಲ್ಲಿ ಎಳೆದು ನೋಡಿದಳು. ನಾಲ್ಕನೇ ಸಲ ಕಾರು ನೆಟ್ಟಗೆ ಹೋಯಿತು.

ನನ್ನ ಜೇಬಿನಲ್ಲಿ ಕಡಲೆಕಾಯಿ ಇತ್ತು, ತಿನ್ನಲಿಲ್ಲ. ಮೆಹರ್ ಬಾನುವಿಗೆ ಉಪವಾಸದ ತಿಂಗಳು.

14 ಮಾರ್ಚ್, ಶುಕ್ರವಾರ

ಇವತ್ತು ಆದದ್ದನ್ನು ಹೇಗೆ ಬರೆಯುವುದೋ ತಿಳಿಯುತ್ತಿಲ್ಲ.

ಮಧ್ಯಾಹ್ನ ಆಫೀಸಿನಲ್ಲಿ ಒಬ್ಬನೇ ಕೂತಿದ್ದೆ. ಗುಡ್ಡಮ್ಮ ಬೆವರು ಒರೆಸಿಕೊಳ್ಳುತ್ತಾ ಬಂದಳು. ಇವತ್ತು ಅವಳಿಗೆ ಪಾಠವೇ ಇರಲಿಲ್ಲ. ಚೀಲದಿಂದ ಬಾಳೆಎಲೆಯಲ್ಲಿ ಸುತ್ತಿದ ಬೇರು ತೆಗೆದು ಮೇಜಿನ ಮೇಲಿಟ್ಟಳು.

"ಬೆನ್ನಿಗೆ ಇದನ್ನ ಅರೆದು ಹಚ್ಕೊಳ್ಳಿ ಮಾರಾಯ್ರೆ. ನಮ್ಮ ಅತ್ತೆಗೆ ಇದ್ರಲ್ಲೇ ಗುಣ ಆಗಿದ್ದು. ಇದು ಎಲ್ಲಾ ಕಡೆ ಸಿಗೂದಿಲ್ಲ, ಬೆಳಿಗ್ಗೆಯಿಂದ ಗುಡ್ಡ ಹತ್ತಿ ಹುಡ್ಕಿದೆ."

ಅವಳ ಕೈಯೆಲ್ಲ ಮುಳ್ಳು ಗೀರಿತ್ತು. ನಾನು ಯಾರನ್ನು ಈ ಜನ್ಮಕ್ಕೆ ಆಗದವಳು ಎಂದಿದ್ದೆನೋ ಅವಳು ನನ್ನ ಇಲ್ಲದ ನೋವಿಗೆ ಗುಡ್ಡ ಹತ್ತಿ ಬಂದಿದ್ದಳು. ಆ ಬೇರನ್ನು ಮುಟ್ಟಲು ನನ್ನಿಂದ ಆಗಲಿಲ್ಲ.

"ಗುಡ್ಡಮ್ಮ, ಬೆನ್ನಿಗೆ ಏನೂ ಆಗಿಲ್ಲ. ನನ್ನ ಲೈಸೆನ್ಸ್ ಹೋಗಿದೆ."

ಎಲ್ಲವನ್ನೂ ಹೇಳಿದೆ. ಸ್ಕೂಟರಿನವನ ವಿಷಯವನ್ನೂ ಹೇಳಿದೆ. ಅವನು ಸ್ವಲ್ಪ ಮಣ್ಣಿಗಿಳಿದದ್ದಲ್ಲ, ಬಿದ್ದಿದ್ದ. ಅರವತ್ತು ದಾಟಿದ ಮನುಷ್ಯ. ಹಿಂದೆ ಕಟ್ಟಿದ್ದ ಬಾಳೆಗೊನೆ ಚೂರಾಗಿತ್ತು. ಎದ್ದು ಪಂಚೆ ಕೊಡವಿಕೊಂಡು ನಮ್ಮ ಕಾರಿನ ಹತ್ತಿರ ಬಂದಾಗ ಹೊಡೆಯುತ್ತಾನೆ ಎಂದುಕೊಂಡೆ. ಅವನು ಸರೋಜಳ ಕಡೆ ನೋಡಿ, ಅಮ್ಮನಿಗೆ ಏನೂ ಆಗಿಲ್ಲವಲ್ಲ ಎಂದು ಕೇಳಿದ. ಅವನ ಭಾಷೆ ನನಗೆ ಬರುವುದಿಲ್ಲ, ಆದರೂ ಅದೊಂದು ಮಾತು ತಿಳಿಯಿತು.

ಗುಡ್ಡಮ್ಮ ಬೇರನ್ನೊಮ್ಮೆ, ನನ್ನ ಮುಖವನ್ನೊಮ್ಮೆ ನೋಡಿದಳು. ಆಮೇಲೆ ಅವಳ ಹೊಟ್ಟೆ ಕುಲುಕತೊಡಗಿತು. ನಕ್ಕಳು, ಕುರ್ಚಿ ಹಿಡಿದುಕೊಂಡು ನಕ್ಕಳು.

"ಅಯ್ಯೋ ದೇವ್ರೇ! ಕಲಿಸೋರ್ದೇ ಹೋತಾ! ಹಾಗಾದ್ರೆ ಈಗ ನಾನೂ ನೀವೂ ಒಂದೇ ಕ್ಲಾಸು!"

ನನಗೂ ನಗು ಬಂತು. ಯಾಕೆ ಬಂತೋ ಗೊತ್ತಿಲ್ಲ.

"ಯಾರಿಗೂ ಹೇಳ್ಬೇಡ" ಎಂದೆ.

"ಛೆ, ನಾನೆಂತಕ್ಕೆ ಹೇಳ್ಲಿ" ಎಂದಳು.

ಸಂಜೆ ಐದಕ್ಕೆ ಹೋಟೆಲಿನ ಭಟ್ಟರು ಫೋನ್ ಮಾಡಿ ಎಣ್ಣೆ ಸೀಸೆ ವಾಪಸ್ ಕೇಳಿದರು.

15 ಮಾರ್ಚ್, ಶನಿವಾರ

ಬಸ್ ಸ್ಟ್ಯಾಂಡಿನಲ್ಲಿ ಎಲ್ಲರಿಗೂ ಗೊತ್ತಾಗಿದೆ. ಒಬ್ಬ, "ಸಾರ್, ಶಿಸ್ತೇ ಸುರಕ್ಷತೆ!" ಎಂದು ಕೂಗಿದ. ಆಟೋದವರೆಲ್ಲ ನಕ್ಕರು. ಭೂಮಿ ಬಾಯಿ ಬಿಡಲಿಲ್ಲ. ಟೀ ಕುಡಿದು ಬಂದೆ. ನೆಟ್ಟಗೆ ನಡೆಯಬಹುದು ಎಂಬುದೇ ಒಂದು ಸುಖ.

8 ಏಪ್ರಿಲ್, ಮಂಗಳವಾರ

ಮೊನ್ನೆಗೆ ಕೇರಳದ ಮೂರು ತಿಂಗಳು ಮುಗಿಯಿತು. ಇನ್ನು ಟೆಸ್ಟು. ಅದಕ್ಕೆ ಮೊದಲು ಎಲ್ಲರ ಹಾಗೆ ಕಲಿಕಾ ಲೈಸೆನ್ಸ್ ಮಾಡಿಸಬೇಕು. ಕಂಪ್ಯೂಟರಿನಲ್ಲಿ ಪ್ರಶ್ನೆಗಳಿಗೆ ಉತ್ತರ ಒತ್ತಬೇಕು. ನನ್ನ ಪಕ್ಕದಲ್ಲಿ ಹದಿನೆಂಟು ವರ್ಷದ ಹುಡುಗಿಯೊಬ್ಬಳು ಉಗುರು ಕಚ್ಚುತ್ತಾ ಕೂತಿದ್ದಳು. "ಅಂಕಲ್, ನೀವು ಓದ್ಕೊಂಡು ಬಂದಿದೀರಾ?" ಎಂದು ಕೇಳಿದಳು. ಸ್ವಲ್ಪ ಓದಿದ್ದೇನೆ ಎಂದೆ.

ಒಂದು ಉತ್ತರ ತಪ್ಪಾಯಿತು. ಯಾವುದೆಂದು ಕಂಪ್ಯೂಟರು ಹೇಳಲಿಲ್ಲ. ಫೋನಿನ ಪ್ರಶ್ನೆಯೇ ಇರಬೇಕು ಎಂದಳು ಸರೋಜ.

ವಾಪಸ್ ಬರುವಾಗ ಕಾರಿಗೆ ಕೆಂಪು 'ಎಲ್' ಹೇಗೂ ಇತ್ತು, ನಾನು ಸ್ಟೀರಿಂಗಿಗೆ ಕೂತೆ. ಎಡಗಡೆ ಮೆಹರ್ ಬಾನು. ಅವರು ಒಂದು ಸಲವೂ ಬ್ರೇಕ್ ಒತ್ತಲಿಲ್ಲ. ಬಾಳೆಹೊನ್ನೂರಿನ ಸೇತುವೆಯ ಹತ್ತಿರ ನಾನು ವೇಗ ಜಾಸ್ತಿ ಮಾಡಿದಾಗ "ಹೊಳೇಲಿ ನೀರು ಕಮ್ಮಿ ಆಗಿದೆ ಅಲ್ವಾ ಸಾರ್?" ಎಂದರು. ನೋಡಲು ನಿಧಾನ ಮಾಡಿದೆ. ನೀರು ಹಾಗೇ ಇತ್ತು. ಜಯಪುರ ದಾಟಿದ ಮೇಲೆ ತಿಳಿಯಿತು ಅವರು ಏನು ಮಾಡಿದರು ಎಂದು.

21 ಏಪ್ರಿಲ್, ಸೋಮವಾರ

ರಜೆಯ ಬ್ಯಾಚು ತುಂಬಿದೆ. ಹೋದ ವರ್ಷಕ್ಕಿಂತ ಜಾಸ್ತಿ. ಶೃಂಗೇರಿಯಿಂದ ಹೆಂಗಸರೇ ಐದು ಜನ ಒಟ್ಟಿಗೆ ಬರುತ್ತಾರೆ. "ಮೇಡಂ ಕಲಿಸ್ತಾರೆ ಅಂತ ಕೇಳಿ ಬಂದ್ವಿ" ಎಂದರು. ನನ್ನನ್ನು ತೋರಿಸಿ ಒಬ್ಬಾಕೆ, "ಇವ್ರು ಬೈತಾರಂತಲ್ಲ, ಇವ್ರೂ ಇರ್ತಾರಾ?" ಎಂದು ಕೇಳಿದಳು. ಹಿಂದೆ ಕೂತಿರುತ್ತಾರೆ, ಏನೂ ಮಾಡುವುದಿಲ್ಲ ಎಂದರು ಮೆಹರ್ ಬಾನು.

ಶಾಲೆಗೆ ರಜೆ ಆದ್ದರಿಂದ ಅವರು ಈಗ ಪೂರ್ತಿ ದಿನ ಇರುತ್ತಾರೆ. ನಾನು ಬೆಳಿಗ್ಗೆ ಸಂಚಾರ ಚಿಹ್ನೆಗಳ ಪಾಠ ಹೇಳುತ್ತೇನೆ, ಮಧ್ಯಾಹ್ನ ಗಫೂರನ ಗ್ಯಾರೇಜಿನ ಹಿಂದಿನ ಬಯಲಿನಲ್ಲಿ ಟೆಸ್ಟಿನಲ್ಲಿರುವ ಹಾಗೆ ಎಂಟರ ಆಕಾರದಲ್ಲಿ ಓಡಿಸಲು ಕಂಬ ನೆಡುತ್ತೇನೆ. ಗುಡ್ಡಮ್ಮ ಬಂದರೆ ಕಂಬದ ಬದಲು ತಾನೇ ಸಸಿ ಕುಂಡಗಳನ್ನು ಸಾಲಾಗಿ ಇಡುತ್ತಾಳೆ. ತನ್ನ ಕೈಯಿಂದ ಬೆಳೆಸಿದ್ದು ಚಕ್ರದ ಕೆಳಗೆ ಹೋಗಬಾರದು ಎಂಬ ಹೆದರಿಕೆಗೆ ಗೀಟು ಹಾಕಿದಂತೆ ಓಡಿಸುತ್ತಾಳೆ.

ಡಾಕ್ಟರಿಗೆ ತೋರಿಸಿದೆ, ನನ್ನ ಬಿ.ಪಿ. ಇಳಿದಿದೆಯಂತೆ. ಬೇಸಿಗೆಗೆ ಇಳಿಯುತ್ತದೆ ಎಂದು ಕಾಣುತ್ತದೆ.

ಪೇಂಟರು ಬೋರ್ಡು ತಂದ. ಅಕ್ಷರ ಚಿಕ್ಕದಾಯಿತು, ದೂರಕ್ಕೆ ಓದಲು ಆಗುವುದಿಲ್ಲ ಎಂದು ವಾಪಸ್ ಕಳಿಸಿದೆ.

14 ಮೇ, ಬುಧವಾರ

ಫೇಲ್.

ಬರೆಯಲು ಮನಸ್ಸಿಲ್ಲ. ಆದರೂ ಬರೆಯುತ್ತೇನೆ, ಇಲ್ಲದಿದ್ದರೆ ಸರೋಜಳಿಗೆ ಹೇಳಬೇಕಾಗುತ್ತದೆ. ಅವಳು ಅಲ್ಲೇ ಇದ್ದು ನೋಡಿದ್ದಾಳೆ.

ಆರ್.ಟಿ.ಒ. ಕ್ಯಾಂಪು ಕೊಪ್ಪದಲ್ಲೇ ಇತ್ತು. ಇನ್‌ಸ್ಪೆಕ್ಟರು ಹೊಸಬರು, ಅನನ್ಯ ಅಂತ. ವಯಸ್ಸು ಮೂವತ್ತೂ ಇರಲಾರದು. ಸಾಲಿನಲ್ಲಿ ನಮ್ಮ ಬ್ಯಾಚಿನವರೆಲ್ಲ, ಗುಡ್ಡಮ್ಮನ ಹಿಂದೆ ನಾನು. ಗುಡ್ಡಮ್ಮ ಎಂಟು ಹಾಕಿದಳು, ರಿವರ್ಸ್ ಹೋದಳು, ಇಳಿದು ಇನ್‌ಸ್ಪೆಕ್ಟರಿಗೆ ಕೈ ಮುಗಿದಳು. ಪಾಸು. ನಾನು ಚಪ್ಪಾಳೆ ತಟ್ಟಿದ್ದು ಸ್ವಲ್ಪ ಜೋರಾಯಿತು ಅಂತ ಕಾಣುತ್ತದೆ, ಎಲ್ಲರೂ ತಿರುಗಿ ನೋಡಿದರು.

ನನ್ನ ಸರದಿ ಬಂದಾಗ ರೂಢಿಯಂತೆ ಎಡಗಡೆಯ ಬಾಗಿಲು ತೆಗೆದು ಕೂತೆ. ಇನ್‌ಸ್ಪೆಕ್ಟರು, "ಸರ್, ಅದು ನನ್ನ ಸೀಟು" ಎಂದರು. ಮೈದಾನವೆಲ್ಲ ಹೋ ಎಂದಿತು. ಅಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು.

ಎಂಟು ಹಾಕುತ್ತಾ, ಈ ಹೊಸಬರಿಗೆ ನಾಲ್ಕು ವಿಷಯ ಗೊತ್ತಿರಲಿ ಎಂದುಕೊಂಡು, "ನೋಡಿ ಮೇಡಂ, ಸಾಮಾನ್ಯವಾಗಿ ಕಲಿಯೋರು ಎಲ್ಲಿ ತಪ್ತಾರೆ ಅಂದ್ರೆ ಇಲ್ಲೇ. ಹಿಂದಿನ ಚಕ್ರ ಮರೀತಾರೆ. ಕಂಬಕ್ಕೆ ತಾಗಿಸ್ತಾರೆ" ಎಂದು ಕೈ ಎತ್ತಿ ತೋರಿಸಿದೆ.

ಟಕ್ ಎಂದಿತು. ಹಿಂದಿನ ಚಕ್ರ. ಕಂಬ.

ಇನ್‌ಸ್ಪೆಕ್ಟರಿಗೆ ನಗು ತಡೆಯಲು ಬಹಳ ಕಷ್ಟವಾಯಿತು. "ಸರ್, ಪಾಠ ಚೆನ್ನಾಗಿತ್ತು. ಆದ್ರೆ ನಾನು ನೋಡ್ಬೇಕಾಗಿದ್ದು ಡ್ರೈವಿಂಗ್. ಮುಂದಿನ ಕ್ಯಾಂಪಿಗೆ ಬನ್ನಿ."

ಕಾರಿನಿಂದ ಇಳಿದು ಯಾರ ಮುಖವನ್ನೂ ನೋಡದೆ ಹೊರಟೆ. ಹೊರಟವನು ಬೇಕರಿಗೆ ಹೋಗಿ ಗುಡ್ಡಮ್ಮನಿಗೆ ಅಂತ ಲಾಡು ಕಟ್ಟಿಸಿಕೊಂಡು ವಾಪಸ್ ಬಂದೆ. ಅವಳು ಮೊದಲ ಲಾಡನ್ನು ನನ್ನ ಬಾಯಿಗೆ ತುರುಕಿ, "ಇದು ಬಾಯಿ ಮುಚ್ಲಿಕ್ಕೆ" ಎಂದಳು.

19 ಮೇ, ಸೋಮವಾರ

ಗಫೂರನ ಬಯಲಿನಲ್ಲಿ ನನ್ನ ಪಾಠ. ಮೆಹರ್ ಬಾನು ಹೇಳಿಕೊಟ್ಟ ಉಪಾಯ: ಒಂದು ಏಲಕ್ಕಿ ಬಾಯಿಗೆ ಹಾಕಿಕೊಂಡು, ಅದನ್ನು ಕಚ್ಚದೆ ಎಂಟು ಮುಗಿಸಬೇಕು. ಮೊದಲ ಸುತ್ತಿನಲ್ಲೇ ಕಚ್ಚಿದೆ. ನಾಲ್ಕನೆಯದಕ್ಕೆ ಉಳಿಯಿತು.

ಸುಮ್ಮನಿದ್ದರೆ ಎಂಜಿನ್ನಿನ ಸದ್ದು ಕೇಳುತ್ತದೆ. ಬೆಲ್ಟು ಸಡಿಲವಾಗಿದೆ. ಎಷ್ಟು ದಿನದಿಂದ ಕಿರುಗುಟ್ಟುತ್ತಿತ್ತೋ! ಗಫೂರನಿಗೆ ಹೇಳಿ ಬಿಗಿ ಮಾಡಿಸಿದೆ.

28 ಮೇ, ಬುಧವಾರ

ಪಾಸ್.

ಮಾತಾಡಲಿಲ್ಲ. ಇನ್‌ಸ್ಪೆಕ್ಟರು ಇಳಿಯುವಾಗ, "ಏನ್ ಸರ್, ಇವತ್ತು ಪಾಠ ಇಲ್ವಾ?" ಎಂದರು. ತಲೆ ಆಡಿಸಿದೆ. ಬಾಯಲ್ಲಿ ಏಲಕ್ಕಿ ಇತ್ತು.

ಇನ್ನು ಮೆಹರ್ ಬಾನು ಬಿಡುತ್ತಾರೆ ಎಂದುಕೊಂಡಿದ್ದೆ. ಶಾಲೆಯೂ ಶುರುವಾಗುತ್ತಿದೆ. ಸಂಜೆ ಧೈರ್ಯ ಮಾಡಿ ಕೇಳಿದೆ, ಪಾಲುದಾರರಾಗಿ ಇರುತ್ತೀರಾ ಎಂದು. ಬಹುವಚನ ಕೇಳಿ ಅವರು ಒಂದು ಸಲ ಹಿಂದೆ ತಿರುಗಿ ನೋಡಿದರು, ಬೇರೆ ಯಾರಾದರೂ ಬಂದಿದ್ದಾರೋ ಎಂದು.

"ಅಪ್ಪನ್ನ ಕೇಳಿ ಹೇಳ್ತೆ ಸಾರ್."

ಅರ್ಧ ಗಂಟೆಯಲ್ಲಿ ಗಫೂರ್ ಫೋನ್ ಮಾಡಿದ. "ಅವಳು ನನ್ನ ಕೇಳೋದು ಯಾವತ್ತು ಮಾರಾಯ್ರೆ? ಆಯ್ತು ಅಂತ ಹೇಳಿಯೇ ಬಂದಿದಾಳೆ."

12 ಜೂನ್, ಗುರುವಾರ

ಬಹಳ ದಿನದಿಂದ ಬರೆದಿಲ್ಲ. ಬರೆಯುವಂಥದ್ದು ಏನೂ ಇರಲಿಲ್ಲ. ಇವತ್ತೂ ದೊಡ್ಡ ವಿಷಯವೇನಲ್ಲ.

ನಿನ್ನೆ ಎನ್.ಆರ್. ಪುರದಿಂದ ಇಸ್ರಾರ್ ಎಂಬ ಲಾರಿ ಡ್ರೈವರ್ ಬಂದಿದ್ದ. ಮೂವತ್ತೈದರ ಆಸುಪಾಸು. ಆಫೀಸಿನ ಬಾಗಿಲಲ್ಲಿ ನಿಂತು ಒಳಗೆ ಬಂದವರೆಲ್ಲ ಹೋಗುವವರೆಗೂ ಕಾದ. ಆಮೇಲೆ ಮೆಲ್ಲಗೆ ಹೇಳಿದ. ಶುಂಠಿ ಹೇರಿಕೊಂಡು ಗೋವಾಕ್ಕೆ ಹೋದಾಗ ಹೆಚ್ಚು ಭಾರ, ಹೆಚ್ಚು ವೇಗ ಎಂದು ಕೇಸಾಗಿ, ಅಲ್ಲಿಯ ಕೋರ್ಟು ಲೈಸೆನ್ಸನ್ನು ಅಮಾನತು ಮಾಡಿದೆ.

"ಗೋವಾದ್ದು ಇಲ್ಲಿಗೆ ತಾಗೂದಿಲ್ಲ ಅಂತ ಎಲ್ರೂ ಹೇಳ್ತಾರೆ ಸಾರ್. ಓಡಿಸು ಅಂತಾರೆ. ಆದ್ರೆ ನಂಗೆ ಹೆದರಿಕೆ. ನಿಮ್ಗೆ ಇದ್ರ ವಿಷಯ ಗೊತ್ತು ಅಂತ ಯಾರೋ ಹೇಳಿದ್ರು."

"ತಾಗ್ತದೆ ಮಾರಾಯ. ನಂಗೆ ಕೇರಳದ್ದು ತಾಗಿತ್ತು" ಎಂದೆ. ಹೊರಗೆ ಬೆಂಚಿನಲ್ಲಿ ಕೂತಿದ್ದ ಹೊಸ ಬ್ಯಾಚಿನವರು ತಿರುಗಿ ನೋಡಿದರು. ಅವರಿಗೂ ಪಾಠವಾಗಲಿ ಎಂದು ಪೂರ್ತಿ ಕತೆಯನ್ನು ಅವರಿಗೆ ಕೇಳುವ ಹಾಗೆಯೇ ಹೇಳಿದೆ. ಎಡಗಡೆಯ ಬಾಗಿಲಿನದ್ದಕ್ಕೆ ಎಲ್ಲರೂ ನಕ್ಕರು. ಇಸ್ರಾರ್ ಮಾತ್ರ ನಗಲಿಲ್ಲ. ಲಾರಿ ಬಿಟ್ಟು ಬೇರೆ ಕೆಲಸ ತನಗೆ ಗೊತ್ತಿಲ್ಲ ಎಂದ.

"ಲೈಸೆನ್ಸ್ ವಾಪಸ್ ಬರೋವರೆಗೆ ಗಫೂರ್ ಗ್ಯಾರೇಜಲ್ಲಿ ಕೆಲಸ ಇದೆ, ನಾನು ಮಾತಾಡ್ತೇನೆ. ಅಮಾನತು ಮುಗಿದ ಮೇಲೆ ಏನೇನು ಮಾಡ್ಬೇಕು ಅಂತ ಆರ್.ಟಿ.ಒ. ಕಚೇರಿಲೇ ಕೇಳೋಣ. ಮುಚ್ಚಿಟ್ಟು ಓಡಿಸಿದ್ರೆ ಇದ್ದದ್ದೂ ಹೋಗ್ತದೆ."

"ಯಾವಾಗ ಹೋಗ್ಲಿ ಸಾರ್?"

"ನಾಳೆ. ನಾನೂ ಬರ್ತೇನೆ."

ಇವತ್ತು ಬೆಳಿಗ್ಗೆ ಹೋದೆವು. ಕಾರು ಮೆಹರ್ ಬಾನು ಅವರ ಬ್ಯಾಚಿಗೆ ಬೇಕಿತ್ತು, ಆದ್ದರಿಂದ ಬಸ್ಸು. ಇಸ್ರಾರ್ ಕಿಟಕಿಯ ಪಕ್ಕ ಕೂತ. ಪಾಪ, ಪ್ರತಿ ತಿರುವಿಗೂ ಅವನ ಎರಡು ಕೈಗಳೂ ಮಡಿಲಿನಲ್ಲಿ ಇಲ್ಲದ ಸ್ಟೀರಿಂಗನ್ನು ತಿರುಗಿಸುತ್ತಿದ್ದವು. ಬಸ್ಸಿನ ಡ್ರೈವರು ಗೇರು ಬದಲಿಸುವ ಮೊದಲೇ ಅವನ ಭುಜ ಅಲ್ಲಾಡುತ್ತಿತ್ತು.

ಬಾಳೆಹೊನ್ನೂರು ದಾಟಿದ ಮೇಲೆ ಕೈಗಳು ನಿಧಾನವಾದವು. ಸ್ವಲ್ಪ ದೂರಕ್ಕೆ ತೊಡೆಯ ಮೇಲೆ ತಾವಾಗಿ ಮಲಗಿದವು. ಆಲ್ದೂರಿನ ಹೊತ್ತಿಗೆ ಅವನಿಗೆ ನಿದ್ದೆ ಬಂದಿತ್ತು, ತಲೆ ವಾಲಿ ನನ್ನ ಹೆಗಲಿಗೆ ತಾಗಿತು. ಎಷ್ಟು ರಾತ್ರಿಗಳ ನಿದ್ದೆಯೋ! ಬೇರೆಯವರು ಓಡಿಸುವ ಗಾಡಿಯಲ್ಲಿ ಡ್ರೈವರನಿಗೆ ನಿದ್ದೆ ಬರುವುದು ಸುಮ್ಮನೆ ಅಲ್ಲ.

ಕಂಡಕ್ಟರು ಚಿಲ್ಲರೆ ಕೊಡಲು ಬಂದ. ಆಮೇಲೆ ಕೊಡಪ್ಪ ಎಂದು ಕಣ್ಣಲ್ಲೇ ಸನ್ನೆ ಮಾಡಿ, ಚಿಕ್ಕಮಗಳೂರು ಬರುವವರೆಗೆ ಅಲುಗಾಡದೆ ಕೂತೆ.